ಗಂಟಲ ಮೇಲಿಟ್ಟ ಬೆರಳು

ರಾಮನಗರ
10-9-2005, ಶನಿವಾರ

ಲತಾ,

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಹರಿದು ಹಾಕದೆ ಓದು. ನೀನೂ ನವ್ಯಶ್ರೀಯೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಹಾಗಿಲ್ಲವೆಂದು ನಿನ್ನ ನಾಲ್ಕು ಸಾಲಿನ ಕಾಗದವೇ ಹೇಳಿದೆ.

ನಾನು ಜಗಳವಾಡಿ ಬಂದ ದಿನದಿಂದ ಮಗು ಬಾಯಿ ಬಿಡುತ್ತಿಲ್ಲ, ಯಾರಾದರೂ ಗಂಟಲು ಮುಟ್ಟಲು ಹೋದರೆ ಕೈ ತಳ್ಳುತ್ತಾಳೆ, ಹೀಗೇ ಆದರೆ ದಸರಾ ರಜೆಯ ಮೇಲೆ ಶಾಲೆಯಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ ಎಂದು ಬರೆದಿದ್ದೀಯ. ಓದಿದಾಗಿನಿಂದ ಅನ್ನ ಸೇರುತ್ತಿಲ್ಲ. ತಪ್ಪು ನನ್ನದು. ಎಂಥ ತಪ್ಪು ಎಂಬುದು ನನಗೇ ಮೊನ್ನೆ ಗೊತ್ತಾಯಿತು.

ಅವತ್ತು ಮೈಸೂರಿನಲ್ಲಿ, ತಾಯಂದಿರೂ ಮಕ್ಕಳ ಜೊತೆಗೇ ಇದ್ದು ಕಲಿಯುವ ನಿಮ್ಮ ಶಾಲೆಯಲ್ಲಿ, ಗಿರಿಜಾಂಬ ಟೀಚರ್ ಎಷ್ಟು ಸಮಾಧಾನವಾಗಿ ತಿಳಿಸಿ ಹೇಳಿದರು. ಎದೆಯಿಂದ ಬರುವ ಗಾಳಿ ಒಂದೇ. ತುಟಿ ಮುಚ್ಚಿ ತಡೆದು ತಟ್ಟನೆ ಬಿಟ್ಟರೆ ಪ, ಜೊತೆಗೆ ಗಂಟಲೂ ಅದುರಿದರೆ ಬ, ತುಟಿ ಮುಚ್ಚಿದ್ದು ಗಾಳಿ ಮೂಗಿನಲ್ಲಿ ಹೋದರೆ ಮ. ಕಿವಿ ಕೇಳದ ಮಗುವಿನ ಕಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ, ಅದಕ್ಕೇ ಮುಟ್ಟಿಸಿ ಕಲಿಸಬೇಕು ಎಂದರು. ನವ್ಯಳ ದನಿ ಇನ್ನೂ ಸಣ್ಣದು, ಕಿವಿಗೆ ಸಿಗುವ ಮೊದಲು ಬೆರಳಿಗೆ ಸಿಗುತ್ತದೆ ಎಂದು ನನ್ನ ಬೆರಳನ್ನು ಅವಳ ಗಂಟಲ ಮೇಲಿಡಿಸಿ ಬಾ ಎಂದು ಹೇಳಿಸಿದರು. ಪಾಪ, ಐದು ಸಲ ಹೇಳಿದಳು. ನನಗೆ ಕೇಳಿಸಿದ್ದು ಬರೀ ಉಸಿರು, ಬೆರಳಿಗೆ ಸಿಕ್ಕಿದ್ದು ಸೊನ್ನೆ.

ಹೊರಗೆ ಬಂದು ನಿನಗೆ ಅಂದದ್ದು ನೆನೆದರೆ ನಾಚಿಕೆಯಾಗುತ್ತದೆ. “ಇದ್ರ ಗಂಟ್ಲಲ್ಲಿ ಏನೂ ಇಲ್ಲ ಕಣೆ, ಟೀಚರ್ರು ನಿನ್ನ ಸಮಾಧಾನಕ್ಕೆ ಹೇಳ್ತಾವ್ರೆ, ಗಂಟು ಕಟ್ಟು, ಊರ್ಗೋಗವ” ಅಂದೆ. ನೀನು ಬರುವುದಿಲ್ಲ ಅಂದೆ. ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಕಿವಿ ಕೇಳದವಳು ಮುಖ ಓದುತ್ತಾಳೆ ಎಂಬ ಬುದ್ಧಿ ನನಗಿರಲಿಲ್ಲ.

ಮೊನ್ನೆ ಸೋಮವಾರ ರೇಷ್ಮೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಬೇಸಿನ್ನಿನಲ್ಲಿ ನೂಲು ತೆಗೆಯುವ ಅಮೀರುನ್ನೀಸಕ್ಕ ತಡವಾಗಿ ಬಂದರು. ಮೊಮ್ಮಗನ ಹಣೆಗೆ ಕೆನ್ನೆ ಇಟ್ಟು ನೋಡಿದರೆ ಸುಡುತ್ತಿತ್ತಂತೆ. ಕೆನ್ನೆ ಯಾಕೆ, ಕೈಗೇನಾಗಿತ್ತು ಎಂದು ರೇಗಿಸಿದೆ. ಅವರು ನಕ್ಕರು. “ಇಪ್ಪತ್ತು ವರ್ಸ ಬಿಸಿನೀರಲ್ಲಿ ಗೂಡು ಬಿಚ್ಚಿರೋ ಬೆರ್ಳಿಗೆ ಜ್ವರ ಎಲ್ಲಿ ಗೊತ್ತಾಯ್ತದೆ ಜಯಣ್ಣ? ನಿಂಗೆ ಗೊತ್ತಾಯ್ತದಾ?” ಅಂದರು.

ಬೆರಳು ಒರೆಸಿಕೊಂಡು ನನ್ನ ಗಂಟಲ ಮೇಲೆಯೇ ಇಟ್ಟು ಬಾ ಅಂದೆ. ಮೋಟಾರಿನ ಗಲಾಟೆಯಲ್ಲಿ ಇನ್ನೂ ಜೋರಾಗಿ ಅಂದೆ. ಕೂಗಿ ಕೂಗಿ ಗಂಟಲು ನೋಯಿತೇ ಹೊರತು ಬೆರಳಿಗೆ ಏನೂ ತಿಳಿಯಲಿಲ್ಲ, ಲತಾ. ಆಮೇಲೆ ಮುಂಗೈ ಒತ್ತಿ ಹೇಳಿದೆ, ದುಂಬಿ ಕೂತ ಹಾಗೆ ಗುಂಯ್ ಅಂತು. ಅಲ್ಲೇ ಅತ್ತುಬಿಟ್ಟೆ. ಕೇಳಿದವರಿಗೆ ಬೇಸಿನ್ನಿನ ಹಬೆ ಎಂದೆ.

ಈಗ ದಿನಾ ನಾನೂ ಪಾಠ ಕಲಿಯುತ್ತಿದ್ದೇನೆ. ಮೊಳೆಗೆ ರೇಷ್ಮೆಯ ಒಂದೇ ಒಂದು ಎಳೆ ಕಟ್ಟಿ ಎದುರು ಕೂರುತ್ತೇನೆ. ಪ ಅಂದರೆ ಎಗರುತ್ತದೆ, ಬ ಅಂದರೆ ಅಷ್ಟಿಲ್ಲ, ಮ್ ಅಂದರೆ ಅಲ್ಲಾಡುವುದೇ ಇಲ್ಲ. ಅಮ್ಮ ಅನ್ನುವಾಗ ಗಂಟಲು ಕೊನೆಯವರೆಗೂ ಗುಂಯ್‌ಗುಡುತ್ತದೆ, ಅಪ್ಪ ಅನ್ನುವಾಗ ನಡುವೆ ಒಮ್ಮೆ ಕೈಕೊಡುತ್ತದೆ. ನನ್ನನ್ನು ನೋಡಿಯೇ ಇಟ್ಟ ಹೆಸರು ಎಂದು ನೀನು ನಗಬಹುದು, ನಗು.

ಹಟಮಾರಿ ನಾನು. ಈ ಮೂರು ತಿಂಗಳು ಮೈಸೂರಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಗೌರಿ ಹಬ್ಬಕ್ಕೂ ನಿಮ್ಮನ್ನು ಕರೆಯಲಿಲ್ಲ. ಮಗುವಿಗೆ ಹೇಗಾದರೂ ತಿಳಿಸು: ಕೆಟ್ಟಿರುವುದು ಅಪ್ಪನ ಬೆರಳು, ಅವಳ ಗಂಟಲಲ್ಲ. ಅವಳು ಇನ್ನೊಂದೇ ಒಂದು ಸಲ ನನಗಾಗಿ ಬಾಯಿ ತೆರೆದರೆ ಸಾಕು.

ಇನ್ನೂ ನಿನ್ನವನೇ ಎಂದುಕೊಂಡಿರುವ,
ಜಯಕುಮಾರ್

ಬರೆದ ಮೇಲೆ: ಮೈಸೂರು, ಭಾನುವಾರ, ಹನ್ನೊಂದು ಗಂಟೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆಷಾಢದಲ್ಲೊಮ್ಮೆ, ಶ್ರಾವಣದಲ್ಲೊಮ್ಮೆ ಬಂದಿದ್ದೆ. ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ನಿಂತು, ನೀವಿಬ್ಬರೂ ಬಟ್ಟೆ ಒಣಹಾಕುವುದನ್ನು ನೋಡಿ ಹೊರಟುಹೋದೆ. ಇವತ್ತು ವಾಚ್‌ಮನ್ ಚಲುವಯ್ಯ ಗುರುತು ಹಿಡಿದು, “ಎಷ್ಟು ಸಲ ಅಂತ ಬರೀ ಟೀ ಕುಡ್ಕೊಂಡು ಹೋಯ್ತೀರಾ, ಒಳಕ್ಕೆ ಬನ್ನಿ” ಅಂದರು. ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಗೇಟಿನ ಒಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದೇನೆ. ನೀನು ಬಾರದಿದ್ದರೂ ಮಗುವನ್ನು ಕಳಿಸು. ಕೆನ್ನೆ ಇಟ್ಟಾಗ ಅವಳ ಗಂಟಲಿಗೆ ಚುಚ್ಚಬಾರದೆಂದು ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದಿದ್ದೇನೆ.