‘ಬರ್ತೀನಿ’ ಎಂಬ ಸಂಚು

ಸ್ಕಾರ್‌ಬರೋ
12 ಮಾರ್ಚ್ 2018

ಮುದ್ದಿನ ಮೊಮ್ಮಗಳು ಶ್ರೀಜಾಳಿಗೆ,

ತಾತನ ಆಶೀರ್ವಾದ. ನಿನ್ನ ಬೆನ್ನುನೋವು ಹೇಗಿದೆ? ಊಟ ಸೇರುತ್ತಿದೆಯೇ? ಜೈಲಿನ ಅಡಿಗೆಯೂ ಗುತ್ತಿಗೆಯದಂತೆ. ಬೆಂದದ್ದನ್ನು ಹುಡುಕಿ ತಿನ್ನು. ನಿನ್ನ ಅಮ್ಮ ನೀರಜಾ ಚೆನ್ನಾಗಿದ್ದಾಳೆ. ನನ್ನ ಮಂಡಿ ಮಾತ್ರ ಹಿಮ ಕಂಡರೆ ಮುಷ್ಕರ ಹೂಡುತ್ತದೆ.

ಕುಡಿದು ಕಾರು ಓಡಿಸಿ ಒಬ್ಬರ ಕಾಲು ಮುರಿದದ್ದು ನಿನ್ನ ತಪ್ಪು. ಶಿಕ್ಷೆ ಸರಿ, ನನ್ನ ತಕರಾರಿಲ್ಲ. ಆದರೆ ಕೈದಿಗಳ ಫೋನು ಕೇಳುವ ಕೆಲಸವನ್ನು ಸರ್ಕಾರ ಒಂದು ಖಾಸಗಿ ಕಂಪನಿಗೆ ವಹಿಸಿದೆಯಲ್ಲ, ಆ ಮಹಾಪಂಡಿತರ ಕೈಗೆ ನಿನ್ನನ್ನು ಕೊಟ್ಟದ್ದು ಯಾವ ಸೆಕ್ಷನ್ನಿನಲ್ಲಿ? ನನ್ನ ಭಾನುವಾರದ ಪಾಠದಲ್ಲಿ ಓದಲು ಕಲಿತರೂ ಬಾಯಿ ಬಿಟ್ಟರೆ ಇಂಗ್ಲಿಷೇ ಆಡುವವಳು ನೀನು. ಹೋದ ತಿಂಗಳು ಫೋನಿನ ಕೊನೆಗೆ ಎಂದಿನಂತೆ ಒಂದೇ ಒಂದು ಕನ್ನಡದ ಮಾತು ಆಡಿದೆ: ‘ತಾತಾ, ಬರ್ತೀನಿ.’ ನಾನು ‘ಹೋಗಿ ಬಾಮ್ಮ’ ಅಂದೆ. ಕಂಪನಿಯವರು ಅದನ್ನು ಇಂಗ್ಲಿಷಿಗೆ ಇಳಿಸಿ ವರದಿ ಕಳಿಸಿದ್ದಾರೆ: ಕೈದಿ ಹೊರಗೆ ಬರುತ್ತೇನೆಂದಳು, ಮುದುಕ ಮೊದಲು ಬೇರೆಲ್ಲಿಗೋ ಹೋಗಿ ಆಮೇಲೆ ಬಾ ಎಂದ! ಮಂಡಿ ಮಡಚಲಾಗದ ನಾನು ಜೈಲು ಒಡೆಸುವವನಂತೆ. ಆ ವರದಿಯಿಂದಲೇ ನಿನ್ನ ಪೆರೋಲ್ ವಿಚಾರಣೆ ನಿಂತದ್ದು ಎಂದು ಲಾಯರು ಹೇಳಿದರು.

ಕಂಪನಿಗೆ ಫೋನು ಮಾಡಿದೆ. ತರ್ಜುಮೆಯವರು ಇಂಡಿಯಾದವರೇ ಎಂದು ಮ್ಯಾನೇಜರು ಸಮಾಧಾನ ಹೇಳಿದ. ಯಾವ ಭಾಷೆಯವರಯ್ಯಾ ಅಂದರೆ, ಹಿಂದಿ, ನಿಘಂಟು ನೋಡಿ ಮಾಡುತ್ತಾರೆ, ಎಲ್ಲ ಒಂದೇ ತಾನೆ ಅಂದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಮೂವತ್ತೆರಡು ವರ್ಷ ಮೈಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ ಎಂದು ಗದರಿದೆ. ಆ ನಾಚಿಕೆಗೇಡಿಯೋ, ಹಾಗಾದರೆ ನೀವೇ ನಮ್ಮಲ್ಲಿ ಕೆಲಸಕ್ಕೆ ಸೇರುತ್ತೀರಾ ಅಂತ ಕೇಳಿದ. ಇನ್ನೊಬ್ಬರ ಮನೆಯ ಮಾತು ಕದ್ದು ಕೇಳಲು! ಥೂ ಎಂದು ಫೋನು ಕುಕ್ಕಿದೆ.

ಬೈಯುವುದು ಅವರನ್ನಾದರೂ ಸಂಕಟ ನನ್ನದೇ. ಹೊಸ್ತಿಲಲ್ಲಿ ‘ಹೋಗ್ತೀನಿ’ ಅನ್ನಬಾರದು ಎಂದು ಐದು ವರ್ಷದ ನಿನ್ನನ್ನು ಗದರಿಸಿ ಕಲಿಸಿದವನು ನಾನು. ನಿನ್ನ ಬಾಯಲ್ಲಿ ಕನ್ನಡವೆಂದು ಉಳಿದದ್ದೂ ಅದೊಂದೇ.

ಈ ಪತ್ರವನ್ನೂ ಅವರು ಓದುತ್ತಾರಂತೆ. ಓದಲಿ, ಒತ್ತಕ್ಷರ ಬಂದಲ್ಲೆಲ್ಲ ಎಡವಲಿ. ನೀನು ಧೈರ್ಯವಾಗಿರು, ಹೊತ್ತಿಗೆ ಸರಿಯಾಗಿ ಮಲಗು. ದೇವರು ನಿನ್ನನ್ನು ಕಾಯಲಿ.

ನಿನ್ನ ತಾತ,
ಪುಟ್ಟಸ್ವಾಮಿ

ಮರೆತಿದ್ದೆ: ನಿಂತಿದ್ದ ವಿಚಾರಣೆ ಏಪ್ರಿಲ್ ಐದಕ್ಕೆ ಮತ್ತೆ ನಿಗದಿಯಾಗಿದೆ. ಅಲ್ಲಿಯವರೆಗೆ ಫೋನಿನಲ್ಲಿ ‘ಬರ್ತೀನಿ’ ಕೂಡದೆಂದು ಲಾಯರ ಕಟ್ಟಪ್ಪಣೆ. ‘ಹೋಗ್ತೀನಿ’ ಅಂದುಬಿಡು, ಪುಟ್ಟಾ. ನಾನು ಗದರುವುದಿಲ್ಲ. ಬಾ ಅಂತಲೂ ಅನ್ನುವುದಿಲ್ಲ. ನೀನು ಇಡುವವರೆಗೆ ಫೋನು ಹಿಡಿದುಕೊಂಡು ಸುಮ್ಮನಿರುತ್ತೇನೆ.