ಬಾಗಿಲಿನ ಗಂಟೆ, ಶಾಖದ ಗಂಟೆ

ಶನಿವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ಮುಂದಿನ ರೈಲು ಹತ್ತುತ್ತೀಯ. ಆದ್ದರಿಂದ ಊಟ, ನಿದ್ದೆ ಹೇಗೋ ನಡೆಯುತ್ತಿದೆ ಎಂದಷ್ಟೇ ತಿಳಿದುಕೋ.

ನಿನ್ನ ಕಾಗದ ನಿನ್ನೆ ಬಂತು. ಫೋನಿನಲ್ಲಿ ಹೇಳಿದರೆ ನಾನು ಮಧ್ಯೆ ಬಾಯಿ ಹಾಕುತ್ತೇನೆ ಎಂದು ಕಾಗದ ಬರೆದಿದ್ದೀಯ. ನಾನೂ ಕಾಗದದಲ್ಲೇ ಉತ್ತರ ಕೊಡುತ್ತಿದ್ದೇನೆ, ಈಗ ನೀನು ಬಾಯಿ ಹಾಕುವಂತಿಲ್ಲ. ಪತ್ರಿಕೆಯ ಸುದ್ದಿಯನ್ನು ಕತ್ತರಿಸಿ ಜೊತೆಗಿಟ್ಟಿದ್ದೀಯ. ಸಂಸ್ಥೆಯ ಹಿರಿಯ ವಿಜ್ಞಾನಿ ನಿದ್ದೆ ಮಾತ್ರೆ ನುಂಗಿ ಮಲಗಿದ್ದರಂತೆ, ಕೋಲ್ಡ್ ರೂಮಿನ ಎಚ್ಚರಿಕೆಯ ಗಂಟೆಯನ್ನು ನಿದ್ದೆಗಣ್ಣಲ್ಲೇ ಆರಿಸಿಬಿಟ್ಟರಂತೆ, ಧ್ರುವದಿಂದ ತಂದ ಮಂಜುಗಡ್ಡೆ ಕರಗಿಹೋಯಿತಂತೆ. ಅದರ ಕೆಳಗೆ ನಿನ್ನ ದಪ್ಪ ಅಕ್ಷರದ ಪ್ರಶ್ನೆ: ಆ ಹೊತ್ತಿನಲ್ಲಿ ನೀನು ನನ್ನ ಜೊತೆ ಮಾತಾಡುತ್ತಿದ್ದೆಯಲ್ಲಮ್ಮಾ, ನಿದ್ದೆ ಎಲ್ಲಿಂದ ಬಂತು?

ಮುಂದಿನ ವಾರ ವಿಚಾರಣಾ ಸಮಿತಿ ಕೊನೆಯ ಸಲ ಸೇರುತ್ತದೆ. ನೀನು ಬಂದು ಅವರ ಮುಂದೆ ನಿಜ ಹೇಳುತ್ತೀಯಂತೆ. ಬರಬೇಡ. ನಿದ್ದೆಯ ಕತೆಯನ್ನು ಅವರಿಗೆ ಹೇಳಿದವಳು ನಾನೇ. ಯಾಕೆ ಬೇಡ ಎಂದು ಹೇಳುವುದಕ್ಕೇ ಈ ಕಾಗದ.

ಮೊದಲು ಹೋದದ್ದು ಏನು ಎಂದು ಹೇಳುತ್ತೇನೆ. ನೀನು ಚಿಕ್ಕವಳಿದ್ದಾಗ ಇದನ್ನೆಲ್ಲ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಉತ್ತರದ ಸಮುದ್ರದಲ್ಲಿ ಒಂದು ಸಣ್ಣ ದ್ವೀಪ, ಅದರ ನೆತ್ತಿಯ ಮೇಲೆ ಹಿಮದ ಗುಡ್ಡ. ನೀನು ಹುಟ್ಟುವ ಮೊದಲು ನಾವು ಕೆಲವರು ಅಲ್ಲಿ ಡೇರೆ ಹಾಕಿ, ಮೇಲಿನಿಂದ ಬುಡದ ಬಂಡೆಯವರೆಗೆ ಕೊರೆದು, ತೋಳಿನಷ್ಟು ದಪ್ಪದ ಮಂಜುಗಡ್ಡೆಯ ಕಂಬಗಳನ್ನು ತೆಗೆದೆವು. ಒಂದೊಂದು ವರ್ಷ ಬಿದ್ದ ಹಿಮ ಒಂದೊಂದು ಪದರ. ಬೇಸಿಗೆಯದು ತೆಳ್ಳಗೆ ಹೊಳೆಯುತ್ತದೆ, ಚಳಿಗಾಲದ್ದು ಮಬ್ಬಾಗಿರುತ್ತದೆ. ನಡುನಡುವೆ ಗುಳ್ಳೆಗಳು, ಅವುಗಳೊಳಗೆ ಸಾವಿರಾರು ವರ್ಷ ಹಳೆಯ ಗಾಳಿ. ಆ ಗಾಳಿಯನ್ನು ಅಳೆದರೆ ಅಂದಿನ ಲೋಕ ಎಷ್ಟು ಬೆಚ್ಚಗಿತ್ತು, ಎಷ್ಟು ತಣ್ಣಗಿತ್ತು ಎಂದು ಲೆಕ್ಕ ಹಾಕಬಹುದು. ಅರ್ಧ ಭಾಗವನ್ನು ಆಗಲೇ ಕುಯ್ದು ಅಳೆದೆವು. ಉಳಿದರ್ಧವನ್ನು ಮುಂದೆ ನಮಗಿಂತ ಬುದ್ಧಿವಂತರು, ನಮ್ಮದಕ್ಕಿಂತ ಒಳ್ಳೆಯ ಯಂತ್ರ ಹಿಡಿದು ಬರುತ್ತಾರೆ ಎಂದು ಎತ್ತಿಟ್ಟೆವು.

ಹೋದದ್ದು ಆ ಅರ್ಧ. ಮತ್ತೆ ಹೋಗಿ ಕೊರೆದರಾಯಿತಲ್ಲ ಎಂದು ಸಮಿತಿಯಲ್ಲಿ ಕೋಟು ತೊಟ್ಟ ಒಬ್ಬರು ಕೇಳಿದರು. ಆಗುವುದಿಲ್ಲ. ಈಗ ಆ ಗುಡ್ಡದ ಮೇಲೆ ಪ್ರತಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ. ಆ ನೀರು ಕೆಳಗಿಳಿದು ಹಳೆಯ ಪದರಗಳನ್ನೆಲ್ಲ ಒಂದರೊಳಗೊಂದು ಕಲಸಿಬಿಟ್ಟಿದೆ. ಅಲ್ಲಿ ಮಂಜುಗಡ್ಡೆ ಇನ್ನೂ ಇದೆ, ಆದರೆ ಅದರಲ್ಲಿ ಓದುವುದಕ್ಕೆ ಏನೂ ಉಳಿದಿಲ್ಲ. ಇದ್ದದ್ದು ನಮ್ಮ ಕೋಲ್ಡ್ ರೂಮಿನಲ್ಲಿ ಮಾತ್ರ.

ಆ ದಿನ ರಜೆ. ರಜೆಯ ದಿನ ಕೋಲ್ಡ್ ರೂಮಿನ ಗಂಟೆ ಬಡಿಯುವುದು ಯಾವಾಗಲೂ ನನ್ನ ಫೋನಿನಲ್ಲೇ. ಉಳಿದವರಿಗೆ ಮನೆ, ಮಕ್ಕಳು, ನೆಂಟರು. ನಾನೋ ಹೇಳುವವರು ಕೇಳುವವರು ಇಲ್ಲದ ಒಂಟಿ ಜೀವ. ರಜೆಯಲ್ಲಿ ನನಗೆ ಯಾರು ಫೋನ್ ಮಾಡುತ್ತಾರೆ ಎಂದು ನಾನೇ ನಗುತ್ತ ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡಿದ್ದೆ. ವರ್ಷಗಟ್ಟಲೆ ನೀನು ಮಾಡಿರಲಿಲ್ಲ. ಅಂದು ಮಾಡಿದೆ.

ಗಂಟೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಎರಡಿವೆ. ಬಾಗಿಲಿನ ರಬ್ಬರಿಗೆ ಹಿಮ ಕಟ್ಟಿ ಸರಿಯಾಗಿ ಮುಚ್ಚದಿದ್ದರೆ ಬಾಗಿಲಿನ ಗಂಟೆ, ಒಳಗೆ ಬಿಸಿ ಏರಿದರೆ ಶಾಖದ ಗಂಟೆ. ಬಾಗಿಲಿನದು ವಾರಕ್ಕೊಮ್ಮೆಯಾದರೂ ಸುಮ್ಮನೆ ಬಡಿದುಕೊಳ್ಳುತ್ತದೆ. ತೋಳ ಬಂತು ತೋಳ ಎಂದು ಕೂಗಿದ ಹಾಗೆ. ನಾವೆಲ್ಲ ಒತ್ತಿ ಆರಿಸಿ, ಕಾಫಿ ಮುಗಿಸಿ, ಆಮೇಲೆ ಹೋಗಿ ನೋಡುವ ಚಾಳಿ ಬೆಳೆಸಿಕೊಂಡಿದ್ದೆವು. ಯಾವ ಗಂಟೆಯಾದರೂ ಒಮ್ಮೆ ಆರಿಸಿದರೆ ಮತ್ತೆ ಕೂಗುವುದಿಲ್ಲ. ಆರಿಸಿದವರು ಹೊರಟಿದ್ದಾರೆ ಎಂದು ಯಂತ್ರ ನಂಬುತ್ತದೆ, ಪಾಪ.

ಅಂದು ಕೊಳವೆಗಳ ಮೇಲಿನ ಹಿಮ ಕರಗಿಸುವ ಹೀಟರ್ ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ತಣ್ಣನೆಯ ಗಾಳಿ ಊದುವ ಫ್ಯಾನೇ ಬಿಸಿಗಾಳಿ ಊದತೊಡಗಿತು. ಅದರ ಎದುರಿನ ಕಪಾಟುಗಳೇ ಎಲ್ಲಕ್ಕಿಂತ ತಣ್ಣಗಿನ ಜಾಗ ಎಂದು ನಮ್ಮ ದ್ವೀಪದ ಕಂಬಗಳನ್ನು ಅಲ್ಲಿ ಜೋಡಿಸಿದವಳು ನಾನೇ. ಇನ್ನೊಬ್ಬರ ಸಾಮಾನನ್ನು ಅಲ್ಲಿಡಲು ಬಿಡದೆ ಜಗಳವಾಡಿದ್ದೆ. ಮೂಲೆಗೆ ತಳ್ಳಿದ್ದ ಅವರ ಮಂಜುಗಡ್ಡೆಯೆಲ್ಲ ಇಂದಿಗೂ ಗಟ್ಟಿಯಾಗಿದೆ.

ಗಂಟೆ ಬಡಿದಾಗ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ನನ್ನ ಕೆನ್ನೆ ತಾಗಿ ಅದು ಆರಿರಬೇಕು. ನನಗೆ ಕೇಳಿಸಲೇ ಇಲ್ಲ. ಇದರಲ್ಲಿ ನಿನ್ನ ಪಾಲು ಏನೂ ಇಲ್ಲ, ತಿಳಿಯಿತೇ? ಎಲ್ಲಾ ನನ್ನಿಂದಲೇ ಹಾಳಾಯಿತು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಹೊಡೆದುಹಾಕು.

ಸಂಜೆ ಅಳಿಯಂದಿರು ಬಂದರು, ನಿನ್ನನ್ನು ಒಳಗೆ ಕರೆದುಕೊಂಡರು, 'ಅತ್ತೆ, ನಾನಿದ್ದೀನಿ, ಇನ್ನು ನೀವು ಫೋನ್ ಇಡಿ' ಅಂದರು. ಆಮೇಲೆ ನಾನು ಲ್ಯಾಬಿಗೆ ಹೋದೆ. ಹಜಾರದಲ್ಲಿ ಕಾವಲಿನವನು ಒರೆಸುವ ಕೋಲು ಹಿಡಿದು ನಿಂತಿದ್ದ. 'ಮೇಡಂ, ಎಲ್ಲೋ ಪೈಪ್ ಒಡೆದಿದೆ ಅನ್ಸುತ್ತೆ, ಎಷ್ಟು ಒರೆಸಿದ್ರೂ ನೀರು ಬರ್ತಾನೇ ಇದೆ' ಅಂದ. ನಾನು ಅವನನ್ನು ದಾಟಿ ಹೋದೆ. ಬಾಗಿಲು ತೆಗೆದರೆ ಮುಖಕ್ಕೆ ಬಿಸಿಗಾಳಿ ಬಡಿಯಿತು. ಇಷ್ಟು ವರ್ಷ ಆ ಕೋಣೆಗೆ ದಪ್ಪ ಕೋಟು, ಎರಡೆರಡು ಕೈಗವಸು ಇಲ್ಲದೆ ಹೋದವಳಲ್ಲ, ಅಂದು ಮನೆಯ ಚಪ್ಪಲಿಯಲ್ಲಿ ನೀರೊಳಗೆ ನಿಂತಿದ್ದೆ. ಹೀಟರ್ ಆರಿಸಿದೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ಪ್ಲಾಸ್ಟಿಕ್ ಚೀಲಗಳು ಜೋತುಬಿದ್ದಿದ್ದವು. ಬಾಣದ ಗುರುತು ಹಾಕಿ ಮೇಲೆ ಯಾವುದು, ಕೆಳಗೆ ಯಾವುದು ಎಂದು ಬರೆದಿಟ್ಟಿದ್ದೆವು. ನೀರಿಗೆ ಮೇಲೇನು, ಕೆಳಗೇನು? ಅಲ್ಲೇ ಕುಳಿತು ಜೋರಾಗಿ ಅತ್ತೆ. ನಿನ್ನ ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ನಿನಗೆ ನೋವಾಗುತ್ತದೆ ಎಂದು ಗೊತ್ತು, ಆದರೂ ಇದ್ದದ್ದನ್ನು ಬರೆಯುತ್ತಿದ್ದೇನೆ.

ಮತ್ತೆ ಹೆಪ್ಪುಗಟ್ಟಿಸಬಹುದಲ್ಲ ಮೇಡಂ ಎಂದು ಅದೇ ಕೋಟಿನವರು ಸಮಾಧಾನ ಹೇಳಿದರು. ಹೆಪ್ಪುಗಟ್ಟುತ್ತದೆ. ಆದರೆ ಗುಳ್ಳೆ ಒಡೆದು ಹೋದ ಗಾಳಿ ಹೋಯಿತು.

ನಿನಗೊಂದು ನೆನಪಿದೆಯೋ ಇಲ್ಲವೋ. ನಮ್ಮ ಲ್ಯಾಬಿನಲ್ಲಿ ಯಾರಿಗೆ ಮಗು ಹುಟ್ಟಿದರೂ ಆ ವರ್ಷದ ಹಿಮದ ಒಂದು ಚೂರನ್ನು ಚೀಲದಲ್ಲಿ ಹಾಕಿ, ಚೀಟಿ ಅಂಟಿಸಿ ಎತ್ತಿಡುವ ರೂಢಿ. ಆಮೇಲೆ ದ್ವೀಪಕ್ಕೆ ಹೋದವರು ನಿನ್ನದನ್ನೂ ತಂದುಕೊಟ್ಟಿದ್ದರು. ಒಮ್ಮೆ ನಿನ್ನ ಹುಟ್ಟುಹಬ್ಬಕ್ಕೆ ಅದನ್ನು ತೋರಿಸಿದಾಗ, 'ಬೇರೆಯವರ ಅಮ್ಮಂದಿರು ಗೊಂಬೆ ಕೊಡಿಸ್ತಾರೆ, ನೀನು ಐಸ್ ತೋರಿಸ್ತೀಯ' ಎಂದು ರಂಪ ಮಾಡಿದ್ದೆ. ಅದೂ ಕರಗಿದೆ. ಆ ಚೀಲ ಈಗ ನನ್ನ ಅಡುಗೆಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ ಇದೆ. ಚೆಲ್ಲಲು ಮನಸ್ಸು ಬರಲಿಲ್ಲ. ಒಂದು ಚಹಾಕ್ಕೂ ಸಾಲದಷ್ಟು ನೀರು.

ನಿನ್ನ ಮಗುವಿಗೆ ಎತ್ತಿಡಲು ಏನೂ ಇರಲಿಲ್ಲ. ನೀನು ಬಸುರಿಯೆಂದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಈ ವರ್ಷದ ಹಿಮ ಆ ಗುಡ್ಡದ ಮೇಲೆ ನಿಂತೇ ಇಲ್ಲ. ಬಿದ್ದದ್ದು ಬಿದ್ದ ಹಾಗೆ ಹರಿದುಹೋಯಿತು.

ಈಗ ನೀನು ಯಾಕೆ ಬರಬಾರದು ಎಂಬ ಮಾತು. ನೀನು ಬಂದರೆ ಅವರು ಕೇಳುತ್ತಾರೆ: ಅಷ್ಟು ಹೊತ್ತು ಏನು ಮಾತಾಡಿದಿರಿ? ಆಸ್ಪತ್ರೆಯಲ್ಲಿ ಮಗು ಹುಟ್ಟಿ ಅಳಲಿಲ್ಲ ಎಂದು ನೀನು ಹೇಳಬೇಕಾಗುತ್ತದೆ. ಮನೆಗೆ ಬಂದ ಮೇಲೆ ನೀನು ಯಾವ ಜಾಗದಲ್ಲಿ ನಿಂತು ನನಗೆ ಫೋನ್ ಮಾಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಅದನ್ನು ನಾನು ಈ ಕಾಗದದಲ್ಲೂ ಬರೆಯುವುದಿಲ್ಲ. ಅವರು ಒಳ್ಳೆಯವರೇ, ಅಯ್ಯೋ ಎನ್ನುತ್ತಾರೆ, ನನ್ನನ್ನು ಕ್ಷಮಿಸಲೂಬಹುದು. ಆಮೇಲೆ ಅದೆಲ್ಲ ವರದಿಯಲ್ಲಿ ಅಚ್ಚಾಗುತ್ತದೆ, ಪತ್ರಿಕೆಗೆ ಹೋಗುತ್ತದೆ. ನಾಳೆ ನೀನು ಅಂಗಡಿಗೆ ಹೋದರೆ ಜನ ನಿನ್ನನ್ನು ನೋಡಿ ಮಾತು ನಿಲ್ಲಿಸುತ್ತಾರೆ. ನನ್ನ ಕುರ್ಚಿ ಉಳಿಸಲು ನಿನ್ನ ಗಾಯದ ಮೇಲೆ ಬರೆ ಹಾಕಿಸಲಾರೆ. ನಿದ್ದೆ ಮಾಡಿದ ಮುದುಕಿ ಎಂದರೆ ಎರಡು ದಿನ ಆಡಿಕೊಂಡು ಮರೆಯುತ್ತಾರೆ.

ನನಗೇನಾಗುತ್ತದೆ ಎಂದು ಕೇಳಿದ್ದೀಯ. ಕೆಲಸ ಹೋಗುತ್ತದೆ, ಅದು ಖಂಡಿತ. ಕೋಲ್ಡ್ ರೂಮಿನ ಬೀಗದ ಕೈ ಆಗಲೇ ಕೊಟ್ಟಾಯಿತು. ನಿರ್ದೇಶಕರು ಅದನ್ನು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ನಾನು ಕೆಲಸ ಕಲಿಸಿದ ಹುಡುಗಿಯರು ಎದುರು ಬಂದರೆ ಬೇರೆ ಹಜಾರಕ್ಕೆ ತಿರುಗುತ್ತಾರೆ. ಅವರದೇನೂ ತಪ್ಪಿಲ್ಲ. ಮುಂದೆ ಅವರು ಅಳೆಯಬೇಕಾಗಿದ್ದ ಮಂಜುಗಡ್ಡೆ ಅದು.

ಅಂದು ಮಾತಾಡು, ಏನಾದರೂ ಮಾತಾಡು ಎಂದೆಯಲ್ಲ, ನನಗೆ ಗೊತ್ತಿದ್ದದ್ದು ಅದೊಂದೇ, ಅದನ್ನೇ ಒದರಿದೆ. ಕಂಬದ ನಡುವೆ ಒಂದು ಕಪ್ಪು ಗೆರೆ ಇರುವುದನ್ನು ಹೇಳಿದೆ. ಎಲ್ಲೋ ಬೆಂಕಿಬೆಟ್ಟ ಸಿಡಿದು, ಬೂದಿ ಹಾರಿ, ಆ ವರ್ಷ ಬೇಸಿಗೆಯೇ ಬರಲಿಲ್ಲ. 'ಆ ಗೆರೆ ಆದ್ಮೇಲೆ ಏನಿದೆ?' ಎಂದು ನೀನು ಕೇಳಿದೆ. ಮತ್ತೆ ಹಿಮ, ಮತ್ತೆ ಬೇಸಿಗೆ ಅಂದೆ. ನೀನು ಅತ್ತೆ. ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದೇನೆ ಎಂದು ನೀನೇ ಹೇಳಿದೆ. ಕಂಬದ ಮೇಲಿನ ತುದಿ ದಾಟಿ ಇಂದಿನ ಕಾಲಕ್ಕೆ ಬಂದರೆ ನನ್ನ ಆ ಮಾತು ನಿಜವಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿ ಹಿಮವೂ ಇಲ್ಲ, ಹಳೆಯ ಬೇಸಿಗೆಯೂ ಇಲ್ಲ. ವಿಜ್ಞಾನಿಯಾಗಿ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ.

ನಿನ್ನ ಅಪ್ಪ ತೀರಿಕೊಂಡಾಗ ನಾನು ಆ ಗುಡ್ಡದ ಮೇಲಿದ್ದೆ. ಗಾಳಿಗೆ ವಿಮಾನ ಇಳಿಯಲಿಲ್ಲ. ನಾನು ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ನೀನು ಬಾಗಿಲಿನಲ್ಲೇ ನಿಂತು, ನಾವು ಒಂದು ಕಡೆ, ನಿನ್ನ ಐಸ್ ಒಂದು ಕಡೆ ಇದ್ದರೆ ನೀನು ಯಾವತ್ತೂ ಈ ಕಡೆ ಬರುವವಳಲ್ಲ ಅಂದೆ. ನಾನು ಚೀಲ ಹಿಡಿದು ಒಳಗೆ ಹೋದೆ. ಆಮೇಲೆ ನೀನು ಫೋನ್ ಮಾಡುವುದನ್ನು ನಿಲ್ಲಿಸಿದೆ.

ಅಳಿಯಂದಿರಿಗೆ ಹೇಳು, ನಿನ್ನನ್ನು ಸದ್ಯ ಒಬ್ಬಳೇ ಬಿಡಬಾರದು. ವೈದ್ಯರು ಕೊಟ್ಟ ಮಾತ್ರೆ ತಪ್ಪಿಸಬೇಡ. ಸಮಿತಿ ಮುಗಿದ ಮರುದಿನ ನಾನೇ ಬರುತ್ತೇನೆ. ಇರಲಿಕ್ಕೇ ಬರುತ್ತೇನೆ, ಬೇಡವೆಂದರೂ ಬರುತ್ತೇನೆ. ಈಗ ನನಗೂ ಬೇರೆ ಕೆಲಸವಿಲ್ಲ.

ಎಂದೂ ನಿನ್ನವಳೇ ಆದ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಕೆನ್ನೆ ತಾಗಿ ಗಂಟೆ ಆರಿತು ಎಂದು ಬರೆದದ್ದು ಸುಳ್ಳು. ನಿನ್ನ ಮಾತಿನ ನಡುವೆಯೇ ಅದು ಕಿವಿಯೊಳಗೆ ಬಡಿಯಿತು. ಬಾಗಿಲಿನ ಗಂಟೆಯಲ್ಲ, ಶಾಖದ್ದು. ಎರಡರ ಸದ್ದೂ ಬೇರೆ, ನಿದ್ದೆಯಲ್ಲಿ ಕೇಳಿದರೂ ನನಗೆ ಗುರುತು ಸಿಗುತ್ತದೆ. ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಒಳಗೆ ಬಿಸಿ ಏರುತ್ತಿತ್ತು. ಯಾವ ಕಪಾಟು, ಏನು ಹೋಗುತ್ತದೆ ಎಂಬುದೆಲ್ಲ ಆ ಕ್ಷಣಕ್ಕೇ ತಿಳಿಯಿತು. ಆಗ ನೀನು, 'ಅಮ್ಮಾ, ಇದ್ದೀಯಾ?' ಅಂದೆ. ನಾನು ಬೆರಳಿನಿಂದ ಒತ್ತಿ ಗಂಟೆ ಆರಿಸಿ, 'ಇದ್ದೀನಿ ಕಣೇ' ಅಂದೆ.