ನೊಮೋಯಾ ಎಷ್ಟು ದೂರ ಓಡುತ್ತಾಳೆ

ಫೇರ್‌ವ್ಯೂ ಲಾಯಗಳು, ಪೋರ್ಟ್ ಎಲಿಜಬೆತ್
ಆಗಸ್ಟ್ ೯, ಭಾನುವಾರ

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತಾ? ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದಾಗಲೆಲ್ಲ ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಎತ್ತಿಟ್ಟುಬಿಡುತ್ತಿದ್ದೆ. ಲುವುಯೊನ ದೊಡ್ಡಪ್ಪ, ಚಿಕ್ಕಪ್ಪಂದಿರು ಮುಂದಿನ ತಿಂಗಳು ನನ್ನನ್ನು ಅವನಿಗೆ ಹೆಣ್ಣು ಕೇಳಲು ನಮ್ಮ ಮನೆಗೆ ಬರುತ್ತಾರೆ. ಆ ವಿಷಯದಲ್ಲಿ ನಿನ್ನಿಂದ ಒಂದು ಮಾತು ಬೇಕು. ಅದು ಆಮೇಲೆ. ಮೊದಲು ನನ್ನ ಕುದುರೆಯ ಸುದ್ದಿ.

ನಾನು ನೋಡಿಕೊಳ್ಳುವ ನೊಮೋಯಾಳ ಅಪ್ಪ ದೊಡ್ಡ ಹೆಸರಿನ ಕುದುರೆ. ಸಾವಿರ ಮೀಟರಿನಲ್ಲಿ ಅವನನ್ನು ಹಿಡಿದವರಿಲ್ಲ. ಅದಕ್ಕೇ ಇವಳನ್ನೂ ಸಾವಿರ ಮೀಟರಿಗೇ ಬಿಡುತ್ತಿದ್ದರು. ಪ್ರತಿ ಸಲವೂ ಹಿಂದೆ. ವಿಚಿತ್ರ ಏನೆಂದರೆ, ಗೆರೆ ದಾಟಿ ಉಳಿದವು ಏದುಸಿರು ಬಿಡುವಾಗ ಇವಳು ಈಗ ತಾನೇ ಎದ್ದವಳ ಹಾಗೆ ಓಡುತ್ತಲೇ ಇರುತ್ತಿದ್ದಳು.

"ಇವಳಿಗೆ ರೇಸ್ ಮುಗಿದದ್ದೇ ಗೊತ್ತಾಗಲ್ಲ ಕಣಮ್ಮ ಮಾರಾದೆಬೆ. ನಿನ್ನ ಹಾಗೇ, ಎಲ್ಲರೂ ಮಾತು ಮುಗಿಸಿದ ಮೇಲೆ ಬಾಯಿ ತೆಗೀತಾಳೆ," ಎಂದು ಪಕ್ಕದ ಲಾಯದ ವೆಲಿಲೆ ತಾತ ನನ್ನನ್ನು ಕುಲದ ಹೆಸರಿನಿಂದಲೇ ಕರೆದು ನಗುತ್ತಿದ್ದರು.

ನಮ್ಮ ತರಬೇತುದಾರ ಫೂರಿ ಸಾಹೇಬರು ಒಂದು ದಿನ ಅವಳ ವಂಶದ ಹಾಳೆ ಹರಡಿ ಕೂತರು. ಅಪ್ಪನ ಕಡೆ ಎಲ್ಲರೂ ಸಣ್ಣ ದೂರದವರು. ತಾಯಿ ಮರಿಯಾಗಿದ್ದಾಗಲೇ ಕಾಲಿಗೆ ಪೆಟ್ಟಾಗಿ ರೇಸಿಗೇ ಇಳಿದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಓಡದೇ ಇದ್ದವಳು ಮಗಳಿಗೆ ಏನು ಕೊಡ್ತಾಳೆ ಸಾಹೇಬ್ರೇ?" ಎಂದು ಕೇಳಿಯೇಬಿಟ್ಟೆ.

"ತಾಯಿ ಓಡಿಲ್ಲ. ಆದ್ರೆ ಆ ತಾಯಿಯ ಅಪ್ಪ ಮೂರು ಸಾವಿರದ ಇನ್ನೂರು ಮೀಟರ್ ಗೆದ್ದವನು, ಅಣ್ಣತಮ್ಮಂದಿರೂ ದೂರದವರೇ. ನಾವು ತಂದೆಯ ವೇಗ ನೋಡ್ತಾ ಕೂತ್ವಿ, ತಾಯಿ ಕಡೆಯ ಉಸಿರು ನೋಡ್ಲಿಲ್ಲ. ಆದ್ರೂ ಇದು ಊಹೆ. ಓಡಿಸಿ ನೋಡ್ಬೇಕು," ಎಂದರು.

ಶುಕ್ರವಾರ ಎರಡು ಸಾವಿರದ ನಾನೂರಕ್ಕೆ ಬಿಟ್ಟರು. ಕೊನೆಯ ತಿರುವಿನವರೆಗೂ ಎಲ್ಲರ ಹಿಂದೆ. ಆಮೇಲೆ ಮುಂದಿದ್ದವು ಒಂದೊಂದೇ ಸುಸ್ತಾದವು, ಇವಳು ಆಗಲಿಲ್ಲ. ಎರಡನೆಯವಳಾಗಿ ಬಂದಳು ಅಮ್ಮ! ವೆಲಿಲೆ ತಾತ ಟೋಪಿ ಬೀಸುತ್ತಾ, "ಯಾರ ಮಗಳು ಅಂತಿದ್ರಲ್ಲ, ಈಗ ನೋಡ್ಕೊಳ್ಳಿ!" ಎಂದು ಕೂಗಿದರು. ಸಾಹೇಬರು ಮಾತ್ರ, "ಇನ್ನೂ ದೂರ ಬೇಕು ಇವಳಿಗೆ," ಎಂದು ಗೊಣಗಿದರು.

ಈಗ ನನಗೆ ಎಲ್ಲ ಕುದುರೆಗಳ ಹಾಳೆ ಓದುವ ಹುಚ್ಚು. ತಂದೆ ಕಡೆ, ತಾಯಿ ಕಡೆ ಎರಡೂ ತುಂಬಿರುತ್ತದೆ ಅಮ್ಮ. ಮುದಿ ಕುದುರೆಯ ಹಾಳೆಯಲ್ಲೂ.

ನಮ್ಮ ಹಿರಿಯರು ನಿನ್ನನ್ನು ಕಾಯಲಿ. ಚಳಿಯಲ್ಲಿ ಹೊರಗೆ ಕೂರಬೇಡ.

ನಿನ್ನ ಮಗಳು,
ನೊಸಿಫಿವೊ

ತಾ.ಕ.: ಲುವುಯೊನ ದೊಡ್ಡಪ್ಪ ನನ್ನ ಕುಲ ಕೇಳಿದರು. ರಾದೆಬೆ ಎಂದೆ. "ಅದು ನಿಮ್ಮಮ್ಮಂದು ಮಗಳೇ. ನಿಮ್ಮಪ್ಪಂದು?" ಎಂದರು. ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದೆ. ಅವರದು ಟೋಲೊ ಕುಲ. ನನ್ನ ಅಪ್ಪನೂ ಟೋಲೊ ಆಗಿದ್ದರೆ ಈ ಮದುವೆ ಇಲ್ಲ, ನಿನಗೂ ಗೊತ್ತು. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. ನೀನು ಸೌದೆ ತರಲು ಎದ್ದು ಹೋದೆ. ಮತ್ತೆ ನಾನು ಕೇಳಲಿಲ್ಲ. ಅವನ ಹೆಸರು ಬೇಡಮ್ಮ. ಎಲ್ಲಿದ್ದಾನೆ ಎನ್ನುವುದೂ ಬೇಡ. ಕುಲ ಒಂದನ್ನು ಬರೆದು ಕಳಿಸು. ಟೋಲೊ ಆಗಿದ್ದರೂ ಕಳಿಸು, ಅವರು ನಿನ್ನ ಬಾಗಿಲಿಗೆ ಬರುವ ಮೊದಲು.